ಹಳೆ ಕಾರಿನ ಫ್ಯೂಯಲ್ ಪಂಪ್: ಕೆಡುವ ಮೊದಲೇ ಬದಲಿಸಬೇಕಾ?

ಪ್ರಶ್ನೆ: ನಂದು 2012ರ ಪೆಟ್ರೋಲ್ ಕಾರ್ ಅದ, 1 ಲಕ್ಷ 30 ಸಾವಿರ ಕಿ.ಮೀ. ಓಡ್ಯದ. ವಾರಕ್ಕ ಎರಡು ಸಲ ಕಲಬುರಗಿಯಿಂದ ಬೀದರಕ್ಕ ಹೋಗಿ ಬರ್ತೀನಿ. ಪಂಪ್ ಹಾದಿಯಾಗ ಕೈಕೊಡೂದಕ್ಕಿಂತ ಈಗೇ ಹೊಸಾದು ಹಾಕಸು ಅಂತ ಗೆಳೆಯಾ ಹೇಳ್ತಾನ. ಹಾಕಸ್ಲ್ಯಾ?

ಉತ್ತರ: ಬರೀ ಕಿಲೋಮೀಟರ್ ನೋಡಿ ಹಾಕಿಸಬೇಡಿ. ಮೊದಲು ಗೇಜ್ ಹಚ್ಚಿಸಿ, ಪಂಪ್ ಇಂಜಿನ್‌ಗೆ ಕಳಿಸುವ ಪೆಟ್ರೋಲಿನ ಒತ್ತಡ ನೋಡಿ. ಟೈಮಿಂಗ್ ಬೆಲ್ಟಿಗೆ ಇರುವಂತೆ ಪಂಪಿಗೆ ‘ಇಷ್ಟು ಓಡಿದ ಮೇಲೆ ಬದಲಿಸಿ’ ಎಂಬ ಲೆಕ್ಕ ಸಾಮಾನ್ಯವಾಗಿ ಇರುವುದಿಲ್ಲ. ಅದು ಎಷ್ಟು ದಿನ ಬಾಳುತ್ತದೆ ಎಂಬುದು ನೀವು ಟ್ಯಾಂಕನ್ನು ಹೇಗೆ ಇಟ್ಟುಕೊಂಡಿದ್ದೀರಿ ಎಂಬುದರ ಮೇಲೆ ನಿಂತಿದೆ.

ಪಂಪ್ ಇರುವುದು ಟ್ಯಾಂಕಿನ ಒಳಗೆ, ಪೆಟ್ರೋಲಿನಲ್ಲಿ ಮುಳುಗಿಕೊಂಡು. ಪೆಟ್ರೋಲ್ ಅದರ ಮೋಟಾರಿನ ಒಳಗಿಂದಲೇ ಹಾದು ಹೋಗುತ್ತದೆ. ಮೋಟಾರನ್ನು ತಂಪಾಗಿಡುವುದೂ ಅದೇ, ಒಳಗೆ ಜಾರಿಕೆ ಕೊಡುವುದೂ ಅದೇ. ಮೇ ತಿಂಗಳಲ್ಲಿ ನಮ್ಮಲ್ಲಿ 42-43 ಡಿಗ್ರಿ ಬಿಸಿಲು, ಕೆಳಗೆ ಕಾದ ಡಾಂಬರು. ಅಂಥ ಹೊತ್ತಿನಲ್ಲಿ ಯಾವಾಗಲೂ ರಿಸರ್ವ್‌ನಲ್ಲೇ ಓಡಿಸಿದರೆ ಉಳಿದ ನಾಲ್ಕು ಲೀಟರ್ ಪೆಟ್ರೋಲ್ ಬೇಗ ಕಾಯುತ್ತದೆ, ಗುಳ್ಳೆ ಏಳುತ್ತದೆ, ತಿರುವಿನಲ್ಲಿ ಪಂಪ್ ಗಾಳಿ ಎಳೆಯುತ್ತದೆ. ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಬ್ರಷ್, ಕಮ್ಯುಟೇಟರ್ ಸವೆಯುವುದು ಹೀಗೆ. ಎರಡನೇ ಕಾರಣ ಕಸ. ಪಂಪಿನ ಬಾಯಿಗೆ ಇರುವ ಜಾಲರಿ ಕಟ್ಟಿಕೊಂಡರೆ ಮೋಟಾರು ಒಣ ಬಾವಿಯಿಂದ ನೀರೆತ್ತುವಂತೆ ಒದ್ದಾಡುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ನೀರಿನ ಪಸೆ ಹೀರಿಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಂತ ಕಾರಿನ ಕಬ್ಬಿಣದ ಟ್ಯಾಂಕಿನಲ್ಲಿ ತುಕ್ಕು ಹಿಡಿಯಬಹುದು. ಗ್ಯಾಸ್ ಕಿಟ್ ಹಾಕಿಸಿದವರದು ಬೇರೆಯೇ ಕಥೆ: ಕಿಟ್ ಸರಿಯಾಗಿ ಕೂರಿಸದಿದ್ದರೆ ಕಾರು ಗ್ಯಾಸಿನ ಮೇಲೆ ಓಡುವಾಗಲೂ ಪೆಟ್ರೋಲ್ ಪಂಪ್ ಸುಮ್ಮನೆ ತಿರುಗುತ್ತಿರುತ್ತದೆ. ಟ್ಯಾಂಕಿನಲ್ಲಿ ಎರಡೇ ಲೀಟರ್ ಇದ್ದರೆ ಅದು ಉಳಿಯುವುದು ಕಷ್ಟ.

ಪಂಪ್ ಸುಸ್ತಾದಾಗ ಕಾಣುವ ಲಕ್ಷಣಗಳು ಇವು. ಮುಂಜಾನೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತದೆ. ಏಸಿ ಹಾಕಿ ಏರು ಹತ್ತುವಾಗ ಗಾಡಿ ಎಳೆಯುವುದಿಲ್ಲ. ಹಿಂದಿನ ಸೀಟಿನ ಕೆಳಗೆ ಗುಂಯ್ ಅನ್ನುವ ಸದ್ದು ಜೋರಾಗುತ್ತದೆ. ಮಧ್ಯಾಹ್ನ ಕಾದಾಗ ಬಂದ್ ಬಿದ್ದು, ಅರ್ಧ ತಾಸು ತಣ್ಣಗಾದ ಮೇಲೆ ಮತ್ತೆ ಚಾಲೂ ಆಗುತ್ತದೆ. ಆದರೆ ಈ ಕೊನೆಯದರಲ್ಲಿ ಮೋಸ ಹೋಗುವವರು ಬಹಳ. ಇಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಕೆಟ್ಟರೂ ಥೇಟ್ ಹೀಗೇ ಆಗುತ್ತದೆ. ಹೊಸ ಪಂಪ್ ಹಾಕಿಸಿ, ಮರುವಾರ ಅದೇ ಜಾಗದಲ್ಲಿ ನಿಂತು ಬೈದುಕೊಳ್ಳುವುದು ಯಾರಿಗೆ ಬೇಕು?

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಮುಂಜಾನೆ ಸೆಲ್ಫ್ ಹೊಡೆಯದೆ ಕೀಲಿಯನ್ನು ಆನ್‌ಗೆ ತಿರುಗಿಸಿ. ಹಿಂದಿನಿಂದ ಎರಡು ಸೆಕೆಂಡ್ ಸದ್ದು ಬಂದು ನಿಲ್ಲಬೇಕು. ಆಫ್ ಮಾಡಿ ಮತ್ತೆ ಆನ್, ಹೀಗೆ ಮೂರು ಸಲ ಮಾಡಿ, ಆಮೇಲೆ ಸೆಲ್ಫ್ ಹೊಡೆಯಿರಿ. ದಿನಾ ಬಹಳ ಹೊತ್ತು ಸೆಲ್ಫ್ ತಿನ್ನುತ್ತಿದ್ದ ಕಾರು ಈಗ ತಟ್ಟನೆ ಚಾಲೂ ಆದರೆ ರಾತ್ರಿಯಿಡೀ ಲೈನಿನ ಒತ್ತಡ ಇಳಿದುಹೋಗುತ್ತಿದೆ ಎಂದರ್ಥ. ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ, ಪಂಪಿನ ಒಳಗಿನ ಚೆಕ್ ವಾಲ್ವ್ ಬಿಗಿ ಕೂರುತ್ತಿಲ್ಲ, ಇಲ್ಲವೇ ಇಂಜಿನ್‌ಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಸೋರುತ್ತಿದೆ.

ಗ್ಯಾರೇಜಿನಲ್ಲಿ ಗೇಜ್ ಹಚ್ಚಿದಾಗ ಇಂಥ ಕಾರುಗಳಲ್ಲಿ ಹೆಚ್ಚಾಗಿ 3 ಬಾರ್ ಆಸುಪಾಸು, ಅಂದರೆ ಸುಮಾರು 43 ಪಿಎಸ್‌ಐ ತೋರಿಸಬೇಕು. ನಿಮ್ಮ ಮಾಡೆಲ್ಲಿನ ನಿಖರ ಅಂಕಿ ಸರ್ವಿಸ್ ಮ್ಯಾನ್ಯುವಲ್‌ನಲ್ಲಿ ಇರುತ್ತದೆ. ನಿಂತಲ್ಲೇ ಸರಿ ಇದ್ದರೆ ಸಾಲದು, ಕಾರು ಓಡುತ್ತಾ ಎಳೆಯುವಾಗಲೂ ಮುಳ್ಳು ಕುಸಿಯಬಾರದು. ಕುಸಿದರೂ ಕೂಡಲೇ ಪಂಪಿನ ಮೇಲೆ ಗೂಬೆ ಕೂರಿಸಬೇಡಿ. ಪಂಪ್ ತಿರುಗುತ್ತಿರುವಾಗಲೇ ಅದರ ಕನೆಕ್ಟರಿನಲ್ಲಿ ವೋಲ್ಟೇಜ್ ಅಳೆಸಿ. ಅದು ಬ್ಯಾಟರಿಯ ವೋಲ್ಟೇಜಿಗಿಂತ ಅರ್ಧ ವೋಲ್ಟ್ ಮೀರಿ ಇಳಿದಿದ್ದರೆ ದೋಷ ಪಂಪಿಗೆ ಕರೆಂಟ್ ಬಿಡುವ ಸ್ವಿಚ್ಚಾದ ರಿಲೇಯಲ್ಲೋ ವೈರಿನಲ್ಲೋ ತುಕ್ಕು ಹಿಡಿದ ಅರ್ಥಿಂಗ್‌ನಲ್ಲೋ ಇರುತ್ತದೆ. ವೋಲ್ಟೇಜ್ ಸರಿ ಇದ್ದು, ಹೊರಗಿನ ಫಿಲ್ಟರ್ ಇದ್ದರೆ ಅದೂ ಸ್ವಚ್ಛ ಇದ್ದು, ಒತ್ತಡ ಮಾತ್ರ ಕಡಿಮೆ ಎಂದಾದರೆ ಟ್ಯಾಂಕಿನ ಒಳಗೆ ಕೈಹಾಕಬೇಕು.

ನಿಮ್ಮದು ಒಂದೊಂದು ಸಲಕ್ಕೆ ನೂರು ಕಿ.ಮೀ.ಗೂ ಮೇಲಿನ ಹಾದಿ, ರಾತ್ರಿ ಬರುವುದೂ ಇರಬಹುದು. ಹಾಗಾಗಿ ಒತ್ತಡ ಗಡಿಯಂಚಿನಲ್ಲಿದ್ದರೂ ಬದಲಿಸಿ ಎಂದೇ ಹೇಳುತ್ತೇವೆ. ಊರೊಳಗೆ ಮಾತ್ರ ಓಡಿಸುವವರು ಕಾಯಬಹುದು. ಬೇರೆ ಕೆಲಸಕ್ಕೆ ಹೇಗೂ ಟ್ಯಾಂಕ್ ಬಿಚ್ಚಿದ್ದರೆ ಕಾಯುವ ಮಾತೇ ಬೇಡ. ಮೋಟಾರು ಬಿಡಿಯಾಗಿ ಸಿಕ್ಕರೆ ಅದು ಪೂರ್ತಿ ಅಸೆಂಬ್ಲಿಗಿಂತ ಅಗ್ಗ, ಆದರೆ ಪೆಟ್ರೋಲಿನ ಮಟ್ಟ ತೋರಿಸುವ ತೇಲುಗುಂಡು, ಒತ್ತಡ ಹದದಲ್ಲಿಡುವ ಪ್ರೆಷರ್ ರೆಗ್ಯುಲೇಟರ್ ಎರಡೂ ಚೆನ್ನಾಗಿದ್ದರೆ ಮಾತ್ರ ಆ ದಾರಿ. ಯಾವುದು ತಂದರೂ ಹೊಸ ಜಾಲರಿ, ಸೋರದಂತೆ ತಡೆಯುವ ಹೊಸ ಓ-ರಿಂಗ್ (ರಬ್ಬರ್ ಬಳೆ) ಜೊತೆಗೇ ತನ್ನಿ. ಹಳೆ ಓ-ರಿಂಗ್ ಪೆಟ್ರೋಲ್ ಕುಡಿದು ಉಬ್ಬಿರುತ್ತದೆ, ಮತ್ತೆ ತನ್ನ ತೋಡಿನಲ್ಲಿ ಕೂರುವುದಿಲ್ಲ.

ಕೆಲಸ ಬಯಲಿನಲ್ಲಿ, ತಂಪು ಹೊತ್ತಿನಲ್ಲಿ, ಟ್ಯಾಂಕ್ ಕಾಲು ಭಾಗಕ್ಕಿಂತ ಕಡಿಮೆ ಇರುವಾಗ ಆಗಲಿ. ಹತ್ತಿರ ಬೀಡಿ, ಉರಿಯುವ ಬಲ್ಬು ಬೇಡ. ಪುಡಿಯ ಅಗ್ನಿಶಾಮಕ ಕೈಗೆಟಕುವಂತೆ ಇರಲಿ. ಮೊದಲು ಪಂಪಿನ ಫ್ಯೂಸ್ ತೆಗೆದು, ಇಂಜಿನ್ ತಾನಾಗಿ ಬಂದ್ ಬೀಳುವವರೆಗೆ ಓಡಿಸಿ ಲೈನಿನ ಒತ್ತಡ ಇಳಿಸಬೇಕು, ಆಮೇಲೆ ಬ್ಯಾಟರಿಯ ಮೈನಸ್ ಬಿಚ್ಚಬೇಕು. ಬಹಳ ಕಾರುಗಳಲ್ಲಿ ಹಿಂದಿನ ಸೀಟ್ ಎತ್ತಿದರೆ ಮುಚ್ಚಳ ಸಿಗುತ್ತದೆ, ಕೆಲವಕ್ಕೆ ಟ್ಯಾಂಕನ್ನೇ ಇಳಿಸಬೇಕು. ಮುಚ್ಚಳದ ಕೆಳಗೆ ವರ್ಷಗಟ್ಟಲೆಯ ಕರಿಮಣ್ಣಿನ ಧೂಳು ಕೂತಿರುತ್ತದೆ. ಅದನ್ನು ಬ್ರಷ್ಷಿನಿಂದ, ಒದ್ದೆ ಬಟ್ಟೆಯಿಂದ ಪೂರ್ತಿ ತೆಗೆಯದೆ ಪಂಪ್ ಎತ್ತಿದರೆ ಹೊಸ ಜಾಲರಿಗೆ ಅದೇ ಮೊದಲ ಊಟ. ಪಂಪನ್ನು ಟ್ಯಾಂಕಿಗೆ ಬಿಗಿದಿಡುವ ಲಾಕ್ ರಿಂಗನ್ನು ಹಿತ್ತಾಳೆಯ ಕಡ್ಡಿಯಿಟ್ಟು ತಟ್ಟಿ ತಿರುಗಿಸಲಿ. ಕಬ್ಬಿಣದ ಉಳಿ ಕಿಡಿ ಹಾರಿಸುತ್ತದೆ. ಹೊರಗೆಳೆಯುವಾಗ ಓರೆ ಮಾಡಿ ಎತ್ತಬೇಕು. ತೇಲುಗುಂಡಿನ ತಂತಿ ಬಾಗಿದರೆ ಮೀಟರ್ ಸುಳ್ಳು ಹೇಳತೊಡಗುತ್ತದೆ. ತಳದಲ್ಲಿ ತುಕ್ಕು, ಕೆಸರು ಕಂಡರೆ ಟ್ಯಾಂಕ್ ತೊಳೆಸದೆ ಹೊಸದನ್ನು ಕೂರಿಸಬೇಡಿ.

ಕೂರಿಸಿದ ಮೇಲೆ ಫ್ಯೂಸ್, ಬ್ಯಾಟರಿ ಜೋಡಿಸಿ, ಸೆಲ್ಫ್ ಹೊಡೆಯದೆ ಕೀಲಿಯನ್ನು ನಾಲ್ಕು ಸಲ ಆನ್-ಆಫ್ ಮಾಡಿ. ಪೈಪಿನ ಜೋಡಣೆ ಎಲ್ಲೂ ಒದ್ದೆಯಾಗಿಲ್ಲ ಎಂದು ನೋಡಿಕೊಂಡು, ಆಮೇಲೆ ಚಾಲೂ ಮಾಡಿ. ಓ-ರಿಂಗ್ ಓರೆಯಾಗಿ ಕೂತಿದ್ದರೆ ಕಾಲು ಟ್ಯಾಂಕಿನಲ್ಲಿ ಗೊತ್ತಾಗುವುದಿಲ್ಲ. ಮೊದಲ ಸಲ ಫುಲ್ ಮಾಡಿಸಿದ ದಿನ ಸೀಟ್ ಎತ್ತಿ ಪೆಟ್ರೋಲ್ ವಾಸನೆ ಬರುತ್ತಿಲ್ಲ ಎಂದು ನೋಡಿಕೊಂಡು, ಆಮೇಲೆ ಬೀದರ್ ಹಾದಿ ಹಿಡಿಯಿರಿ.