ಪದ ಪರಿಚಯ: ಎಕಿಪೊ ದೆ ಪ್ರೊವಿನ್ಸಿಯಾ

ಪೆರು ದೇಶದ ಫುಟ್‌ಬಾಲ್ ಬಗ್ಗೆ ಓದಲು ಶುರು ಮಾಡಿದವರಿಗೆ ‘ಎಕಿಪೊ ದೆ ಪ್ರೊವಿನ್ಸಿಯಾ’ ಅನ್ನುವ ಮಾತು ಮತ್ತೆ ಮತ್ತೆ ಸಿಗುತ್ತದೆ. ಸ್ಪ್ಯಾನಿಶ್ ನಿಘಂಟು ತೆಗೆದರೆ ‘ಪ್ರಾಂತ್ಯದ ತಂಡ’ ಎಂದಿರುತ್ತದೆ. ಸರ್ಕಾರಿ ಲೆಕ್ಕದಲ್ಲಿ ಪೆರುವಿನಲ್ಲಿ 196 ಪ್ರೊವಿನ್ಸಿಯಾಗಳಿವೆ. ರಾಜಧಾನಿ ಲಿಮಾ ಕೂಡ ಅವುಗಳಲ್ಲಿ ಒಂದು. ಆದರೆ ಜನರ ಮಾತಿನಲ್ಲಿ ಲಿಮಾ ಯಾವತ್ತೂ ಪ್ರೊವಿನ್ಸಿಯಾ ಅಲ್ಲ. ಲಿಮಾ ಮತ್ತು ಅದಕ್ಕೆ ಅಂಟಿಕೊಂಡಿರುವ ಬಂದರು ಊರು ಕಯಾವೊ ಬಿಟ್ಟು ಉಳಿದದ್ದೆಲ್ಲ ಪ್ರೊವಿನ್ಸಿಯಾ. ಹತ್ತು ಲಕ್ಷ ಜನರಿರುವ ಅರೆಕಿಪಾ ನಗರವೂ ಅದೇ, ಅಮೆಜಾನ್ ಕಾಡಿನ ನಡುವಿನ ಪುಟ್ಟ ಊರೂ ಅದೇ. ‘ಪ್ರೊವಿನ್ಸಿಯಾನೊ’ ಅಂದರೆ ಅಲ್ಲಿಂದ ಬಂದವನು. ಹೇಳುವವರ ದನಿ ಹೇಗಿದೆ ಅನ್ನುವುದರ ಮೇಲೆ ಆ ಮಾತು ಹೆಮ್ಮೆಯದೂ ಆಗಬಹುದು, ಚುಚ್ಚುವಂಥದ್ದೂ ಆಗಬಹುದು.

ಫುಟ್‌ಬಾಲ್‌ನಲ್ಲಿ ಈ ಗೆರೆ ಇನ್ನೂ ಗಟ್ಟಿ. ಪೆರುವಿನ ಲೀಗ್ 1912ರಲ್ಲಿ ಶುರುವಾಯಿತು. 1966ರವರೆಗೆ ಅದರಲ್ಲಿ ಆಡಿದ್ದು ಲಿಮಾ ಮತ್ತು ಕಯಾವೊದ ಕ್ಲಬ್‌ಗಳು ಮಾತ್ರ. ಅಂದರೆ ಐವತ್ತು ವರ್ಷಕ್ಕೂ ಜಾಸ್ತಿ ಕಾಲ ‘ದೇಶದ ಚಾಂಪಿಯನ್’ ಅಂದರೆ ಒಂದು ನಗರದ ಚಾಂಪಿಯನ್ ಅಷ್ಟೇ. 1966ರಲ್ಲಿ ಮೊದಲ ಸಲ ಹೊರಗಿನ ಊರುಗಳ ಕೆಲವು ತಂಡಗಳಿಗೆ ಆಹ್ವಾನ ಹೋಯಿತು. ಆ ಟೂರ್ನಿಯನ್ನು ‘ದೆಸ್ಸೆಂತ್ರಲಿಸಾದೊ’ ಎಂದು ಕರೆದರು. ರಾಜಧಾನಿಯಿಂದ ಹೊರಕ್ಕೆ ಹರಡಿದ್ದು ಎಂಬ ಅರ್ಥದಲ್ಲಿ. ಮರುವರ್ಷ ‘ಕೋಪಾ ಪೆರು’ ಬಂತು. ಮೊದಲು ಪುಟ್ಟ ಊರುಗಳ ಲೀಗ್ ಗೆಲ್ಲಬೇಕು, ಆಮೇಲೆ ಪ್ರಾಂತ್ಯದ್ದು, ಆಮೇಲೆ ಹಲವು ಪ್ರಾಂತ್ಯ ಸೇರಿದ ದೊಡ್ಡ ಆಡಳಿತ ವಿಭಾಗದ್ದು, ಕೊನೆಗೆ ರಾಷ್ಟ್ರಮಟ್ಟದ್ದು. ಇಷ್ಟನ್ನೂ ದಾಟಿ ಬಂದ ಚಾಂಪಿಯನ್‌ಗೆ ದಶಕಗಳ ಕಾಲ ಮೊದಲ ದರ್ಜೆಯಲ್ಲಿ ಆಡುವ ಅವಕಾಶ ಸಿಗುತ್ತಿತ್ತು. ಪ್ರೊವಿನ್ಸಿಯಾದ ಎಷ್ಟೋ ಕ್ಲಬ್‌ಗಳು ಮೇಲೆ ಬಂದದ್ದು ಈ ಏಣಿ ಹತ್ತಿಯೇ.

ಈ ಪದ ಪೂರ್ತಿ ಅರ್ಥವಾಗಬೇಕಾದರೆ ಒಂದು ಕ್ಲಬ್‌ನ ಕಥೆ ತಿಳಿಯಬೇಕು. ಅದರ ಹೆಸರು ಸಿಯೆನ್ಸಿಯಾನೊ. ಊರು ಕುಸ್ಕೊ, ಒಂದು ಕಾಲದಲ್ಲಿ ಇಂಕಾ ಸಾಮ್ರಾಜ್ಯದ ರಾಜಧಾನಿ. ಮಾಚು ಪಿಚು ನೋಡಲು ಹೋಗುವವರು ಬಂದಿಳಿಯುವುದು ಇಲ್ಲೇ. ಆಂಡಿಸ್ ಬೆಟ್ಟಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಲಿಮಾದಿಂದ ರಸ್ತೆಯಲ್ಲಿ ಹೊರಟರೆ ಬಸ್ಸಿಗೆ 20 ಗಂಟೆ ಬೇಕು.

ಕುಸ್ಕೊದಲ್ಲಿ ‘ಕೊಲೆಹಿಯೊ ನಾಸಿಯೊನಾಲ್ ದೆ ಸಿಯೆನ್ಸಿಯಾಸ್’ ಎಂಬ ಶಾಲೆ ಇದೆ. ಸಿಮೊನ್ ಬೊಲಿವಾರ್ 1825ರಲ್ಲಿ ಸ್ಥಾಪಿಸಿದ್ದು. ‘ಸಿಯೆನ್ಸಿಯಾಸ್’ ಎಂದರೆ ವಿಜ್ಞಾನಗಳು. ಆ ಶಾಲೆಯ ಹುಡುಗರನ್ನು ಊರಿನವರು ‘ಸಿಯೆನ್ಸಿಯಾನೊ’ ಎಂದು ಕರೆಯುತ್ತಿದ್ದರು. ಆ ಹುಡುಗರು 1901ರ ಜುಲೈ 8ರಂದು ಕಟ್ಟಿದ ಕ್ಲಬ್‌ಗೂ ಅದೇ ಹೆಸರು ನಿಂತಿತು. ಅದೇ 1901ರಲ್ಲಿ ಲಿಮಾದಲ್ಲಿ ಇನ್ನೊಂದು ಕ್ಲಬ್ ಹುಟ್ಟಿತು, ಅಲಿಯಾನ್ಸಾ ಲಿಮಾ. ಎರಡಕ್ಕೂ ಒಂದೇ ವಯಸ್ಸು. ಆದರೆ ಅಲಿಯಾನ್ಸಾ ದೇಶದ ಲೀಗ್‌ನಲ್ಲಿ ಆಡುತ್ತ, ಗೆಲ್ಲುತ್ತ, ಊರೂರಲ್ಲಿ ಅಭಿಮಾನಿಗಳನ್ನು ಕಟ್ಟಿಕೊಳ್ಳುತ್ತ ಹೋಯಿತು. ಕುಸ್ಕೊದ ಕ್ಲಬ್ ತನ್ನ ಊರಿನ ಲೀಗ್‌ನಲ್ಲೇ ಉಳಿಯಿತು. ಅದಕ್ಕೆ ಮೊದಲ ದರ್ಜೆಯ ಬಾಗಿಲು ತೆರೆದದ್ದು 1970ರ ದಶಕದಲ್ಲಿ. ಆಟದಲ್ಲಿ ಹಿಂದೆ ಬಿದ್ದದ್ದಕ್ಕೆ ಈ ತಡವಾದದ್ದಲ್ಲ, ಅಲ್ವಾ? ಆಡಲು ಕರೆಯದಿದ್ದ ಮೇಲೆ ಆಟ ಎಷ್ಟು ಚೆನ್ನಾಗಿದ್ದರೂ ಏನು ಪ್ರಯೋಜನ? ಪ್ರೊವಿನ್ಸಿಯಾದ ತಂಡಗಳ ಬಗ್ಗೆ ಮಾತಾಡುವಾಗ ಈ ಲೆಕ್ಕವನ್ನು ಬಹಳ ಜನ ಬಿಟ್ಟುಬಿಡುತ್ತಾರೆ.

ಆಮೇಲಿನ ವರ್ಷಗಳಲ್ಲಿ ಕ್ಲಬ್ ಏಳುತ್ತ ಬೀಳುತ್ತ ಸಾಗಿತು. 2001ರಲ್ಲಿ ರಾಷ್ಟ್ರೀಯ ಪ್ರಶಸ್ತಿಯ ಫೈನಲ್‌ವರೆಗೆ ಬಂದು, ಪೆನಾಲ್ಟಿಯಲ್ಲಿ ಅದೇ ಅಲಿಯಾನ್ಸಾ ಲಿಮಾಗೆ ಸೋತಿತು. ಅದರ ಫಲವಾಗಿ 2002ರಲ್ಲಿ ಖಂಡದ ದೊಡ್ಡ ಟೂರ್ನಿ ಕೋಪಾ ಲಿಬರ್ತದೋರೆಸ್‌ನಲ್ಲಿ ಆಡಿತು. ಆದರೂ 2003ರ ಮಧ್ಯದವರೆಗೆ ಪೆರುವಿನ ಆಚೆ ಈ ಹೆಸರು ಕೇಳಿದವರು ಕಡಿಮೆ.

2003ರಲ್ಲಿ ಕ್ಲಬ್ ಕೋಪಾ ಸುಡಾಮೆರಿಕಾನಾ ಆಡಿತು. ಲಿಬರ್ತದೋರೆಸ್ ಬಿಟ್ಟರೆ ದಕ್ಷಿಣ ಅಮೆರಿಕದ ಕ್ಲಬ್‌ಗಳಿಗೆ ಅತಿ ಮುಖ್ಯ ಟೂರ್ನಿ ಅದು. ಸಿಯೆನ್ಸಿಯಾನೊ ಕೋಚ್ ಫ್ರೆಡ್ಡಿ ತೆರ್ನೆರೊ. ಗೋಲ್‌ಕೀಪರ್ ಓಸ್ಕರ್ ಇಬಾನ್ಯೆಸ್, ಅರ್ಜೆಂಟೀನಾದಲ್ಲಿ ಹುಟ್ಟಿ ಪೆರುವಿನ ಪೌರನಾದವರು. ಗೋಲು ಹೊಡೆಯುವ ಮುಂಚೂಣಿ ಆಟಗಾರ ಹೆರ್ಮಾನ್ ಕಾರ್ತಿಗೆ ಆಗ 35 ವರ್ಷ. ರಕ್ಷಣೆಯಲ್ಲಿ ಸಂತಿಯಾಗೊ ಅಕಸಿಯೆತೆ, ಆಮೇಲೆ ಸ್ಪೇನ್‌ನ ಅಲ್ಮೇರಿಯಾ ಕ್ಲಬ್‌ಗೆ ಹೋದವರು. ಸಂಬಳ ದೊಡ್ಡದಿರಲಿಲ್ಲ, ಹೆಸರಾಂತ ತಾರೆಯರೂ ಇರಲಿಲ್ಲ. ಲಿಮಾದ ದೊಡ್ಡ ಕ್ಲಬ್‌ಗಳಲ್ಲಿ ಒಳ್ಳೆಯ ದಿನಗಳನ್ನು ಕಳೆದು ಬಂದವರು ಕೆಲವರು, ಅಲ್ಲಿ ಜಾಗ ಸಿಗದವರು ಕೆಲವರು.

ಮೊದಲ ಸುತ್ತಿನಲ್ಲೇ ಎದುರಿಗೆ ಅಲಿಯಾನ್ಸಾ ಲಿಮಾ. ಎರಡೂ ಪಂದ್ಯ ಗೆದ್ದರು. ನಂತರ ಚಿಲಿಯ ಉನಿವೆರ್ಸಿದಾದ್ ಕತೋಲಿಕಾ: ಕುಸ್ಕೊದಲ್ಲಿ 4-0, ಅಲ್ಲಿ 1-3, ಒಟ್ಟು ಗೋಲುಗಳಲ್ಲಿ ಮುಂದೆ. ಕ್ವಾರ್ಟರ್ ಫೈನಲ್‌ನಲ್ಲಿ ಬ್ರೆಜಿಲ್‌ನ ಸಾಂಟೋಸ್. ಅದೇ ವರ್ಷ ಲಿಬರ್ತದೋರೆಸ್ ಫೈನಲ್ ಆಡಿದ್ದ, ರೊಬಿನ್ಯೊ ಮತ್ತು ದಿಯೆಗೊ ಇದ್ದ ಕ್ಲಬ್ ಅದು. ಸಾಂಟೋಸ್‌ನ ಮೈದಾನದಲ್ಲಿ 1-1, ಕುಸ್ಕೊದಲ್ಲಿ 2-1. ಸೆಮಿಫೈನಲ್‌ನಲ್ಲಿ ಕೊಲಂಬಿಯಾದ ಅತ್ಲೆತಿಕೊ ನಾಸಿಯೊನಾಲ್: ಮೆದೆಯಿನ್‌ನಲ್ಲಿ 2-1, ಕುಸ್ಕೊದಲ್ಲಿ 1-0. ಈ ಹೊತ್ತಿಗೆ ಇಡೀ ಪೆರು ‘ಸಿ ಸೆ ಪುಯೆದೆ’ ಎಂದು ಕೂಗುತ್ತಿತ್ತು. ‘ಆಗುತ್ತದೆ, ಮಾಡಬಹುದು’ ಎಂದು. ಲಿಮಾದವರೂ ಕೂಗಿದರು.

ಅವರು ಯಾಕೆ ಕೂಗಿದರು ಎಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. ಪೆರುವಿನ ಕ್ಲಬ್‌ಗಳು ಅದಕ್ಕೂ ಮೊದಲು ಖಂಡದ ಫೈನಲ್ ಎರಡು ಸಲ ಆಡಿದ್ದವು. 1972ರಲ್ಲಿ ಉನಿವೆರ್ಸಿತಾರಿಯೊ ಅರ್ಜೆಂಟೀನಾದ ಇಂಡಿಪೆಂಡೆಂಟೆಗೆ ಸೋತಿತು. 1997ರಲ್ಲಿ ಸ್ಪೋರ್ಟಿಂಗ್ ಕ್ರಿಸ್ಟಲ್ ಬ್ರೆಜಿಲ್‌ನ ಕ್ರುಜೇರೊಗೆ ಸೋತಿತು. ಎರಡೂ ಲಿಮಾದ ಕ್ಲಬ್‌ಗಳು. ರಾಷ್ಟ್ರೀಯ ತಂಡ ವಿಶ್ವಕಪ್ ಆಡಿದ್ದು 1982ರಲ್ಲಿ ಕೊನೆ, ಮತ್ತೆ ಅಲ್ಲಿಗೆ ಹೋದದ್ದು 2018ರಲ್ಲಿ. 2003 ಆ ಬರಗಾಲದ ನಡುಮಧ್ಯ. ಯಾರೋ ಒಬ್ಬರು ಗೆಲ್ಲಲಿ ಎಂದು ಇಡೀ ದೇಶವೇ ಕಾಯುತ್ತಿತ್ತು.

ಫೈನಲ್‌ನಲ್ಲಿ ಎದುರಾಳಿ ಬುವೆನೊಸ್ ಐರಿಸ್‌ನ ರಿವರ್ ಪ್ಲೇಟ್. ಕೋಚ್ ಮಾನುಯೆಲ್ ಪೆಲ್ಲೆಗ್ರಿನಿ. ತಂಡದಲ್ಲಿ ಮಾರ್ಸೆಲೊ ಸಲಾಸ್, ಮಾರ್ಸೆಲೊ ಗಯಾರ್ದೊ, ಎಳೆಯ ಹವಿಯೆರ್ ಮಸ್ಚೆರಾನೊ. ಡಿಸೆಂಬರ್ 10ರಂದು ರಿವರ್‌ನ ಮೈದಾನದಲ್ಲಿ ಮೊದಲ ಪಂದ್ಯ. ಅಲ್ಲಿ ಕುಸ್ಕೊದವರು ಮೂರು ಗೋಲು ಹಾಕಿದರು. 3-3.

ಎರಡನೇ ಪಂದ್ಯ ಕುಸ್ಕೊದಲ್ಲಿ ಆಗಬೇಕಿತ್ತು. ಆಗಲಿಲ್ಲ. ಫೈನಲ್ ನಡೆಸಲು ಬೇಕಾದಷ್ಟು ಆಸನಗಳು ಅಲ್ಲಿನ ಇಂಕಾ ಗಾರ್ಸಿಲಾಸೊ ದೆ ಲಾ ವೆಗಾ ಕ್ರೀಡಾಂಗಣದಲ್ಲಿ ಇರಲಿಲ್ಲ. ತಮ್ಮ ಊರಿನ ಕ್ಲಬ್‌ನ ಅತಿ ದೊಡ್ಡ ಪಂದ್ಯವನ್ನು ಕುಸ್ಕೊದ ಜನ ತಮ್ಮ ಊರಲ್ಲಿ ನೋಡುವಂತಿಲ್ಲ! ಪಂದ್ಯ ಅರೆಕಿಪಾಗೆ ಹೋಯಿತು, ಸಿಯೆನ್ಸಿಯಾನೊದ ಹಳೆಯ ಎದುರಾಳಿ ಮೆಲ್ಗಾರ್ ಕ್ಲಬ್‌ನ ಊರಿಗೆ. ಡಿಸೆಂಬರ್ 19ರ ರಾತ್ರಿ 78ನೇ ನಿಮಿಷದಲ್ಲಿ ಪರಾಗ್ವೆಯ ಆಟಗಾರ ಕಾರ್ಲೋಸ್ ಲುಗೊ ಫ್ರೀ ಕಿಕ್‌ನಿಂದ ಗೋಲು ಹೊಡೆದರು. ಪಂದ್ಯ ಮುಗಿದಾಗ ಸಿಯೆನ್ಸಿಯಾನೊ ಕಡೆ ಮೈದಾನದಲ್ಲಿ ಉಳಿದಿದ್ದದ್ದು 9 ಜನ. 1-0. ಪೆರುವಿಗೆ ಖಂಡದ ಮೊದಲ ಕ್ಲಬ್ ಪ್ರಶಸ್ತಿ ಬಂದದ್ದು ಹೀಗೆ, ಲಿಮಾದಿಂದ ಅಲ್ಲ, ಬೆಟ್ಟದ ಮೇಲಿನ ಊರಿನಿಂದ. ಅಭಿಮಾನಿಗಳು ಕ್ಲಬ್ಬನ್ನು ‘ಎಲ್ ಪಪಾ’, ಅಂದರೆ ‘ಅಪ್ಪ’ ಎಂದು ಕರೆಯುತ್ತಾರೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಪ್ರೊವಿನ್ಸಿಯಾದ, ಅದರಲ್ಲೂ ಬೆಟ್ಟದ ಮೇಲಿನ ತಂಡ ಗೆದ್ದಾಗಲೆಲ್ಲ ಒಂದು ಉತ್ತರ ಸಿದ್ಧವಾಗಿರುತ್ತದೆ: ‘ಅದು ಎತ್ತರದ ಫಲ ಬಿಡಿ.’ ಎತ್ತರದ ಪರಿಣಾಮ ಸುಳ್ಳಲ್ಲ. ಕುಸ್ಕೊದಲ್ಲಿ ಗಾಳಿಯ ಒತ್ತಡ ಸಮುದ್ರತೀರದ ಮೂರನೇ ಎರಡರಷ್ಟು. ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆ. ಕೆಳಗಿನಿಂದ ಬಂದ ಆಟಗಾರ ಒಂದು ಸಲ ಜೋರಾಗಿ ಓಡಿದರೆ ಸುಧಾರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕು. ಗಾಳಿ ತೆಳುವಾದ್ದರಿಂದ ಚೆಂಡನ್ನು ತಡೆಯುವುದೂ ಕಡಿಮೆ, ಹಾಗಾಗಿ ಚೆಂಡು ಅಂದಾಜಿಗಿಂತ ವೇಗವಾಗಿ ಬರುತ್ತದೆ, ಗೋಲ್‌ಕೀಪರ್‌ಗೆ ಕಷ್ಟ. ಇದೆಲ್ಲ ನಿಜ.

ಆದರೆ 2003ರ ಪಟ್ಟಿ ನೋಡಿ. ಸಾಂಟೋಸ್ ಇರುವುದು ಸಮುದ್ರದ ದಡದಲ್ಲಿ, ಅಲ್ಲಿ ಡ್ರಾ. ಮೆದೆಯಿನ್ ಸುಮಾರು 1,500 ಮೀಟರ್, ಅಲ್ಲಿ ಗೆಲುವು. ಬುವೆನೊಸ್ ಐರಿಸ್ ಸಪಾಟು ನೆಲ, ಅಲ್ಲಿ ಮೂರು ಗೋಲು. ಕಪ್ ಎತ್ತಿದ ಅರೆಕಿಪಾ ಸುಮಾರು 2,300 ಮೀಟರ್, ಅಂದರೆ ಸಿಯೆನ್ಸಿಯಾನೊ ಆಟಗಾರರಿಗೂ ತಮ್ಮ ಮನೆಗಿಂತ ಒಂದು ಕಿಲೋಮೀಟರ್ ಕೆಳಗಿನ ಊರು. ಮರುವರ್ಷ ಸೆಪ್ಟೆಂಬರ್‌ನಲ್ಲಿ ರೆಕೋಪಾ ನಡೆಯಿತು. ಖಂಡದ ಎರಡು ಚಾಂಪಿಯನ್‌ಗಳ ನಡುವಿನ ಪಂದ್ಯ ಅದು. ನಡೆದದ್ದು ಅಮೆರಿಕದ ಫ್ಲೋರಿಡಾದಲ್ಲಿ, ಎದುರಿಗೆ ಬುವೆನೊಸ್ ಐರಿಸ್‌ನ ಇನ್ನೊಂದು ದೊಡ್ಡ ಕ್ಲಬ್ ಬೋಕಾ ಜೂನಿಯರ್ಸ್. 1-1 ಆಗಿ ಪೆನಾಲ್ಟಿಗೆ ಹೋಯಿತು, ಸಿಯೆನ್ಸಿಯಾನೊ 4-2ರಿಂದ ಗೆದ್ದಿತು. ಫ್ಲೋರಿಡಾದಲ್ಲಿ ಬೆಟ್ಟವೇ ಇಲ್ಲ. ರಿವರ್ ಮತ್ತು ಬೋಕಾ ಎರಡನ್ನೂ ಒಂದು ವರ್ಷದೊಳಗೆ ಫೈನಲ್‌ಗಳಲ್ಲಿ ಸೋಲಿಸಿದ ತಂಡವನ್ನು ಎತ್ತರದ ಲೆಕ್ಕಕ್ಕೆ ಬರೆದುಬಿಡುವುದು ಅನ್ಯಾಯ. ನನಗೆ ಈ ಕ್ಲಬ್ ಮೇಲೆ ಪ್ರೀತಿ ಹುಟ್ಟಿದ್ದೇ ಈ ಪಟ್ಟಿ ನೋಡಿದ ಮೇಲೆ.

ಎತ್ತರದ ಜಗಳ ಅಲ್ಲಿಗೆ ನಿಲ್ಲಲಿಲ್ಲ. 2007ರಲ್ಲಿ ಫಿಫಾ 2,500 ಮೀಟರ್‌ಗಿಂತ ಮೇಲೆ ಅಂತಾರಾಷ್ಟ್ರೀಯ ಪಂದ್ಯ ಬೇಡ ಎಂದಿತು. ಬೊಲಿವಿಯಾ ಜೋರಾಗಿ ಪ್ರತಿಭಟಿಸಿತು. ಮಿತಿ 3,000ಕ್ಕೆ ಏರಿತು, 2008ರಲ್ಲಿ ನಿಷೇಧವನ್ನೇ ತಡೆಹಿಡಿದರು. ಅಲ್ಲಿ ಹುಟ್ಟಿ ಬೆಳೆದ ಲಕ್ಷಾಂತರ ಜನ ತಮ್ಮ ಊರಲ್ಲೇ ಆಡುವುದು ಮೋಸ ಹೇಗಾಗುತ್ತದೆ? ಬೆಟ್ಟದವರು ಕೆಳಗಿಳಿದು ಕರಾವಳಿಯ ಸೆಕೆಯಲ್ಲಿ ಒದ್ದಾಡಿದಾಗ ಯಾರೂ ಸಮುದ್ರಮಟ್ಟವನ್ನು ನಿಷೇಧಿಸಿ ಎನ್ನುವುದಿಲ್ಲ.

ಈಗ ಈ ಪದದ ಇನ್ನೊಂದು ಮುಖ. ರಿವರ್ ಮತ್ತು ಬೋಕಾವನ್ನು ಸೋಲಿಸಿದ ಸಿಯೆನ್ಸಿಯಾನೊ ತನ್ನ ದೇಶದ ಲೀಗ್ ಪ್ರಶಸ್ತಿಯನ್ನು ಒಂದು ಸಲವೂ ಗೆದ್ದಿಲ್ಲ. 2001ರ ಸೋಲು ಹೇಳಿದೆ. 2005ರಲ್ಲಿ ಸ್ಪೋರ್ಟಿಂಗ್ ಕ್ರಿಸ್ಟಲ್, 2006ರಲ್ಲಿ ಮತ್ತೆ ಅಲಿಯಾನ್ಸಾ. ಮೂರು ಸಲವೂ ಅಡ್ಡ ನಿಂತದ್ದು ಲಿಮಾ ಕ್ಲಬ್‌ಗಳು. ಕಪ್ ಟೂರ್ನಿ ಕೆಲವು ತಿಂಗಳ ಆಟ, ಹನ್ನೊಂದು ಜನ ಒಳ್ಳೆಯ ಲಯದಲ್ಲಿದ್ದರೆ ಸಾಗುತ್ತದೆ. ಲೀಗ್ ಹಾಗಲ್ಲ. ವರ್ಷವಿಡೀ ಪಂದ್ಯ, ದೂರದ ಪ್ರಯಾಣ, ಗಾಯಗೊಂಡವರ ಬದಲಿಗೆ ಅಷ್ಟೇ ಒಳ್ಳೆಯವರು ಬೇಕು. ಅದಕ್ಕೆ ಹಣ ಬೇಕು, ಹಣ ಇರುವುದು ಲಿಮಾದಲ್ಲಿ. ದೇಶದ ಮೂರನೇ ಒಂದು ಭಾಗ ಜನ ಅಲ್ಲೇ ಇದ್ದಾರೆ, ಟಿವಿ ಕಂಪನಿಗಳು, ಜಾಹೀರಾತು ಕೊಡುವವರು ಅಲ್ಲೇ. ಒಳ್ಳೆಯ ಆಟಗಾರ ಹೊಳೆದ ಕೂಡಲೇ ಲಿಮಾ ಕರೆಯುತ್ತದೆ, ಇಲ್ಲವೇ ವಿದೇಶ. ಅಭಿಮಾನವೂ ಹಂಚಿಹೋಗಿದೆ. ಕುಸ್ಕೊದಲ್ಲೇ ಅಲಿಯಾನ್ಸಾ ಮತ್ತು ಉನಿವೆರ್ಸಿತಾರಿಯೊ ಅಂಗಿ ತೊಟ್ಟವರು ಬೇಕಾದಷ್ಟು ಸಿಗುತ್ತಾರೆ.

ಈ ಗೋಡೆ ದಾಟಿದವರ ಪಟ್ಟಿ ಚಿಕ್ಕದು. 1976ರಲ್ಲಿ ಉನಿಯೊನ್ ಉವರಾಲ್ ಮೊದಲು ದಾಟಿತು, 1989ರಲ್ಲಿ ಮತ್ತೊಮ್ಮೆ. 1981ರಲ್ಲಿ ಅರೆಕಿಪಾದ ಮೆಲ್ಗಾರ್ ಗೆದ್ದಿತು, ತನಗೆ ನೂರು ತುಂಬಿದ 2015ರಲ್ಲಿ ಇನ್ನೊಮ್ಮೆ. 2011ರಲ್ಲಿ ಚಿಕ್ಲಾಯೊ ಊರಿನ ಹುವಾನ್ ಔರಿಚ್. 2019ರಲ್ಲಿ 3,800 ಮೀಟರ್ ಎತ್ತರದ ಹುಲಿಯಾಕಾದಲ್ಲಿ ಆಡುತ್ತಿದ್ದ ಬಿನಾಸಿಯೊನಾಲ್. ಅದು ಎರಡೇ ವರ್ಷದ ಹಿಂದೆ, 2017ರಲ್ಲಿ, ಕೋಪಾ ಪೆರು ಗೆದ್ದು ಮೇಲೆ ಬಂದಿದ್ದ ಕ್ಲಬ್! ಮರುವರ್ಷ ಲಿಬರ್ತದೋರೆಸ್‌ನಲ್ಲಿ ಮನೆಯಲ್ಲಿ ಬ್ರೆಜಿಲ್‌ನ ಸಾವೊ ಪಾವ್ಲೊವನ್ನು 2-1ರಿಂದ ಸೋಲಿಸಿತು, ಬುವೆನೊಸ್ ಐರಿಸ್‌ನಲ್ಲಿ ರಿವರ್ ಕೈಲಿ 8-0ರಿಂದ ಸೋತಿತು. ಎತ್ತರ ಎಲ್ಲಿಯವರೆಗೆ ಕೈಹಿಡಿಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಸಿಯೆನ್ಸಿಯಾನೊ ಇಳಿದು ಹೋಗಿ ಮಾಡಿದ್ದು ಎಷ್ಟು ದೊಡ್ಡದು ಎಂದೂ ಇದರಿಂದ ಗೊತ್ತಾಗುತ್ತದೆ.

ಸಿಯೆನ್ಸಿಯಾನೊಗೂ ಕೆಟ್ಟ ದಿನಗಳು ಬಂದವು. ಕಪ್ ಗೆದ್ದ ಹನ್ನೆರಡು ವರ್ಷಕ್ಕೆ, 2015ರಲ್ಲಿ, ಕ್ಲಬ್ ಎರಡನೇ ದರ್ಜೆಗೆ ಇಳಿಯಿತು. ತೆರ್ನೆರೊ ತೀರಿಕೊಂಡದ್ದೂ ಅದೇ ವರ್ಷ. ನಾಲ್ಕು ವರ್ಷ ಅಲ್ಲೇ ಆಡಿ, 2019ರಲ್ಲಿ ಎರಡನೇ ದರ್ಜೆಯ ಪ್ರಶಸ್ತಿ ಗೆದ್ದು ಮೇಲೆ ಬಂತು. ಅಷ್ಟೂ ಕಾಲ ಪೆರುವಿನ ಕ್ಲಬ್‌ಗಳಲ್ಲಿ ಖಂಡದ ಕಪ್ ಇದ್ದದ್ದು ಅದರ ಬಳಿ ಮಾತ್ರ. ಇವತ್ತಿಗೂ ಅಷ್ಟೇ.

ಫೈನಲ್ ನಡೆಸಲು ಚಿಕ್ಕದಾಗಿದ್ದ ಕುಸ್ಕೊದ ಕ್ರೀಡಾಂಗಣ ಆಮೇಲೆ ಸುಮಾರು 42,000 ಜನ ಕೂರುವಷ್ಟು ದೊಡ್ಡದಾಯಿತು. 2004ರ ಕೋಪಾ ಅಮೆರಿಕದ ಮೂರನೇ ಸ್ಥಾನದ ಪಂದ್ಯ ಅಲ್ಲೇ ನಡೆಯಿತು. 2023ರಲ್ಲಿ ಮೊದಲ ದರ್ಜೆಯಲ್ಲಿ ಕುಸ್ಕೊ ಊರಿನದ್ದೇ ಮೂರು ತಂಡಗಳು ಇದ್ದವು: ಸಿಯೆನ್ಸಿಯಾನೊ, ಕುಸ್ಕೊ ಎಫ್‌ಸಿ ಮತ್ತು ದೆಪೊರ್ತಿವೊ ಗಾರ್ಸಿಲಾಸೊ. ಕೊನೆಯದು ಹಿಂದಿನ ವರ್ಷವಷ್ಟೇ ಕೋಪಾ ಪೆರು ಗೆದ್ದು ಬಂದದ್ದು. ಅದರ ಬೇರೂ ಒಂದು ಶಾಲೆಯಲ್ಲೇ ಇದೆ. ಹಾಗಾಗಿ ಸಿಯೆನ್ಸಿಯಾನೊ ಮತ್ತು ಗಾರ್ಸಿಲಾಸೊ ಎದುರುಬದುರಾದಾಗ ಕುಸ್ಕೊದಲ್ಲಿ ಅದು ಎರಡು ಶಾಲೆಗಳ ಹಳೆಯ ಹಗೆಯೂ ಹೌದು. ಆ ಪಂದ್ಯದ ದಿನ ಲಿಮಾದ ಮಾತು ಅಲ್ಲಿ ಯಾರಿಗೂ ಬೇಕಾಗುವುದಿಲ್ಲ.