ಒಡಹುಟ್ಟಿದವರು ಕಾಡಿನಲ್ಲಿ ದಾರಿ ತಪ್ಪಿದರೆ

2023ರ ಮೇ 1ರಂದು ಕೊಲಂಬಿಯಾದ ಅಮೆಜಾನ್ ಕಾಡಿನಲ್ಲಿ ಒಂದು ಸೆಸ್ನಾ 206 ವಿಮಾನ ಬಿತ್ತು. ಅದರಲ್ಲಿದ್ದ ಮೂವರು ದೊಡ್ಡವರೂ ತೀರಿಕೊಂಡರು. 13, 9 ಮತ್ತು 4 ವರ್ಷದ ಮಕ್ಕಳು, ಜೊತೆಗೆ 11 ತಿಂಗಳ ಕೂಸು, ಹೀಗೆ ಹುಯಿಟೊಟೊ ಬುಡಕಟ್ಟಿನ ನಾಲ್ವರು ಒಡಹುಟ್ಟಿದವರು ಮಾತ್ರ 40 ದಿನಗಳ ಮೇಲೆ ಜೀವಂತ ಸಿಕ್ಕರು. ವಿಮಾನದಲ್ಲಿದ್ದ ಮರಗೆಣಸಿನ ಹಿಟ್ಟು ಅವರ ಮೊದಲ ಆಹಾರ. ಕಹಿ ಮರಗೆಣಸನ್ನು ಹಸಿಯಾಗಿ ತಿಂದರೆ ಹೊಟ್ಟೆಯಲ್ಲಿ ಸಯನೈಡ್ ಹುಟ್ಟುತ್ತದೆ. ತುರಿದು, ಹಿಂಡಿ, ಹುರಿದ ಹಿಟ್ಟಿನಲ್ಲಿ ಆ ಅಪಾಯವಿಲ್ಲ. ಹಿಟ್ಟು ಮುಗಿದ ಮೇಲೆ ಕಾಡಿನ ಹಣ್ಣು, ಬೀಜ. ಯಾವುದು ತಿನ್ನುವಂಥದ್ದೆಂದು ದೊಡ್ಡ ಹುಡುಗಿಗೆ ಮನೆಯ ಹಿರಿಯರಿಂದ ಗೊತ್ತಿತ್ತು.

ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಮಕ್ಕಳಿಗೂ ಇಂಥ ತಿಳಿವಳಿಕೆ ಬೇಕು. ಆದರೆ ನಮ್ಮಲ್ಲಿ ಮೊದಲು ಬರುವ ಅಪಾಯ ಹಸಿವಲ್ಲ, ಚಳಿ. ಆಷಾಢದ ಮಳೆಯಲ್ಲಿ ರಾತ್ರಿಯ ಉಷ್ಣತೆ 20 ಡಿಗ್ರಿಗಿಂತ ಕೆಳಗಿಳಿಯುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ತೂಕಕ್ಕೆ ಹೋಲಿಸಿದರೆ ಮಕ್ಕಳ ಚರ್ಮದ ವಿಸ್ತೀರ್ಣ ದೊಡ್ಡವರಿಗಿಂತ ಹೆಚ್ಚು, ಹಾಗಾಗಿ ಚಿಕ್ಕದೇ ಮೊದಲು ತಣ್ಣಗಾಗುತ್ತದೆ. ಒಳಮೈ ಉಷ್ಣತೆ 35 ಡಿಗ್ರಿಗಿಂತ ಇಳಿದರೆ ಮೊದಲು ನಡುಕ, ಆಮೇಲೆ ತೊದಲು ಮಾತು, ಎಡವುವ ಕಾಲು, ತೂಕಡಿಕೆ. ಚಳಿ ಹಾಗೇ ಇದ್ದು ನಡುಕ ಮಾತ್ರ ನಿಂತರೆ ಅದು ಸುಧಾರಣೆಯಲ್ಲ. ದೇಹ ಸೋಲುತ್ತಿರುವ ಗುರುತು.

ಆದ್ದರಿಂದ ಶಾಲೆ ಚೀಲದಲ್ಲಿ ದೊಡ್ಡ ಪ್ಲಾಸ್ಟಿಕ್ ಗೊಬ್ಬರದ ಚೀಲವೊಂದನ್ನು ತೊಳೆದು ಮಡಿಸಿ ಇಟ್ಟುಬಿಡಿ. ಕೊಪ್ಪೆ ಮಾಡುವಂತೆ ಒಂದು ಮೂಲೆಯನ್ನು ಒಳಕ್ಕೆ ತೂರಿಸಿ ತಲೆಯ ಮೇಲೆ ಹಾಕಿಕೊಂಡರೆ ಮೂಗು, ಬಾಯಿ ತೆರೆದೇ ಇರುತ್ತವೆ, ಉಸಿರು ಕಟ್ಟುವುದಿಲ್ಲ. ಮಳೆಗಾಲದಲ್ಲಿ ಒಣ ತರಗೆಲೆ ಸಿಗುವುದು ಕಷ್ಟ. ನೆಲದ ತಂಡಿ ತಾಗದಂತೆ ಸೊಪ್ಪು, ಕೊಂಬೆಗಳನ್ನು ಮೊಳದೆತ್ತರ ಪೇರಿಸಿ, ಚಿಕ್ಕವರನ್ನು ನಡುವೆ ಕೂರಿಸಿಕೊಂಡು ಒತ್ತಾಗಿ ಕೂರಬೇಕು. ಉಂಬಳ ಕಚ್ಚಿದರೆ ಗಾಬರಿ ಬೇಡ, ಉಗುರಿನಿಂದ ಬುಡ ಸರಿಸಿದರೆ ಬಿಡುತ್ತದೆ.

“ಹೊಳೆ ಜಾಡು ಹಿಡಿದು ಇಳಿದರೆ ಊರು ಸಿಗುತ್ತದೆ” ಎಂಬ ಮಾತನ್ನು ಇಲ್ಲಿನ ಮಕ್ಕಳಿಗೆ ದಯವಿಟ್ಟು ಹೇಳಿಕೊಡಬೇಡಿ. ಬಯಲುಸೀಮೆಗೆ ಅದು ಸರಿ. ಬಿಸಿಲೆ, ಚಾರ್ಮಾಡಿಯ ಅಂಚಿನಲ್ಲಿ ಪಡುವಣಕ್ಕೆ ಹರಿಯುವ ಹಳ್ಳಗಳು ಕಡಿದಾದ ಬಂಡೆಗಳ ಮೇಲಿಂದ ನೇರ ಕೆಳಕ್ಕೆ ಧುಮುಕುತ್ತವೆ. ಪಾಚಿಗಟ್ಟಿದ ಬಂಡೆಯಲ್ಲಿ ಒಂದು ಕಾಲು ಮುರಿದರೆ ಎಲ್ಲರೂ ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ನಿಂತಲ್ಲೇ ನಿಲ್ಲುವುದು ಲೇಸು. ಕೊಲಂಬಿಯಾದ ಮಕ್ಕಳು ವಿಮಾನ ಬಿದ್ದ ಜಾಗದಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿ ಸಿಕ್ಕರು. ಹುಡುಕುವವರು ಅದಕ್ಕೂ ಮುಂಚೆ ಅವರಿಂದ 20ರಿಂದ 50 ಮೀಟರ್ ಅಂತರದಲ್ಲೇ ಹಾದುಹೋಗಿದ್ದರು! ದಟ್ಟ ಕಾಡಿನಲ್ಲಿ ಕಣ್ಣಿಗಿಂತ ಕಿವಿ ದೂರ ಹೋಗುತ್ತದೆ. ಕುತ್ತಿಗೆಯಲ್ಲೊಂದು ಪೀಪಿ ಇರಲಿ. ಮೂರು ಸಲ ಊದಿ, ನಿಮಿಷ ಬಿಟ್ಟು ಆಲಿಸಿ, ಮತ್ತೆ ಮೂರು ಸಲ. ಕೂಗಿದರೆ ಗಂಟಲು ಬೇಗ ಸೋಲುತ್ತದೆ. ಕೂರುವ ಜಾಗ ಮಾತ್ರ ಆನೆದಾರಿಯಲ್ಲಿ, ಲದ್ದಿ ಬಿದ್ದಲ್ಲಿ, ನೀರಿನ ಅಂಚಿನಲ್ಲಿ ಇರಕೂಡದು.

ಹಣ್ಣಿನ ವಿಷಯದಲ್ಲಿ ನಿಯಮ ಒಂದೇ: ಮನೆಯಲ್ಲಿ ತಿಂದು ಗೊತ್ತಿದ್ದರೆ ಮಾತ್ರ ಬಾಯಿಗೆ. ನೇರಳೆ, ಹಲಸು ಸರಿ. ಕಾಸರಕದ ಹಣ್ಣು ಕಿತ್ತಳೆಯಂತೆ ಕಂಡರೂ ಬೀಜದಲ್ಲಿ ಸ್ಟ್ರಿಕ್ನಿನ್ ಎಂಬ ಮಾರಕ ವಿಷ ಇದೆ. ಹಕ್ಕಿ, ಮಂಗ ತಿನ್ನುತ್ತವೆಂಬುದು ಪುರಾವೆಯಲ್ಲ. ಮಂಗಟ್ಟೆ ಹಕ್ಕಿ ಕಾಸರಕವನ್ನೂ ತಿನ್ನುತ್ತದೆ. ಆರೋಗ್ಯವಂತ ಮಗು ಎರಡು ದಿನ ಊಟವಿಲ್ಲದೆ ಇರಬಲ್ಲದು, ನೀರಿಲ್ಲದೆ ಆಗದು. 8 ಕಿಲೋ ತೂಕದ ಕೂಸಿಗೆ ದಿನಕ್ಕೆ ಸುಮಾರು 800 ಮಿಲಿಲೀಟರ್ ದ್ರವ ಬೇಕು. ಎಲೆಯಿಂದ ಇಳಿಯುವ ಮಳೆನೀರನ್ನು ಬಾಟಲಿಯಲ್ಲಿ ಹಿಡಿದರೆ ತೋಟದ ಔಷಧಿ ಬೆರೆತ ಹಳ್ಳದ ನೀರಿಗಿಂತ ಎಷ್ಟೋ ಮೇಲು.

ಮಕ್ಕಳು ಸಿಕ್ಕ ಮೇಲೆ ಪ್ರೀತಿಯಿಂದಲೇ ಒಂದು ಅನಾಹುತ ಆಗಬಹುದು. ಹಲವು ದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಗೇ ತಟ್ಟೆ ತುಂಬ ಅನ್ನ ಬಿದ್ದರೆ ಇನ್ಸುಲಿನ್ ಏರಿ, ರಕ್ತದ ಫಾಸ್ಫೇಟ್ ಜೀವಕೋಶಗಳೊಳಗೆ ನುಗ್ಗುತ್ತದೆ. ರಕ್ತದಲ್ಲಿ ಅದು ಕುಸಿದಾಗ ಹೃದಯದ ಲಯವೇ ತಪ್ಪಬಹುದು. ಒದ್ದೆ ಬಟ್ಟೆ ತೆಗೆದು ಕಂಬಳಿ ಹೊದಿಸಿ, ಎಚ್ಚರವಿರುವ ಮಗುವಿಗೆ ಮಾತ್ರ ಓಆರ್‌ಎಸ್ ಅನ್ನು ಚಮಚ ಚಮಚವಾಗಿ ಕೊಡುತ್ತಾ ಆಸ್ಪತ್ರೆಗೆ ಒಯ್ಯಿರಿ. ಗಂಜಿಯನ್ನು ಯಾವಾಗ, ಎಷ್ಟು ಕೊಡಬೇಕೆಂದು ವೈದ್ಯರೇ ಹೇಳಲಿ.