ಸಿಂಥಸೈಸರ್ ನುಡಿಸುತ್ತಿದ್ದವರು ಕಾಡಿಗೆ ಕಿವಿಗೊಟ್ಟಾಗ

ಮಳೆಗಾಲದ ಸಂಜೆ ಆಗುಂಬೆ ಕಡೆ ಏನು ಕೇಳಿಸುತ್ತದೆ ಎಂದು ಯಾರನ್ನಾದರೂ ಕೇಳಿ ನೋಡಿ. ‘ಮಳೆ, ಕಪ್ಪೆ, ಜೀರುಂಡೆ’ ಅಂತಾರೆ. ಅಲ್ಲಿಗೆ ಮುಗೀತು. ಹಕ್ಕಿಯಾದರೆ ಹೆಸರು ಹೇಳುತ್ತೇವೆ, ಮರವಾದರೆ ಜಾತಿ ಹೇಳುತ್ತೇವೆ. ಕಾಡಿನ ಸದ್ದನ್ನು ಮಾತ್ರ ಒಟ್ಟಾಗಿ ಮೂಟೆ ಕಟ್ಟಿ ಪಕ್ಕಕ್ಕಿಡುತ್ತೇವೆ. ಆ ಮೂಟೆ ಬಿಚ್ಚಿ, ಒಳಗೆ ಒಂದು ವ್ಯವಸ್ಥೆ ಇದೆ ಎಂದು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಮುಖ್ಯರಾದವರು ಬರ್ನಿ ಕ್ರೌಸ್. ಅವರು ಜೀವವಿಜ್ಞಾನಿಯಾಗಿ ಶುರು ಮಾಡಿದವರಲ್ಲ. ರಾಕ್ ಸಂಗೀತದ ಸ್ಟುಡಿಯೋಗಳಲ್ಲಿ ಯಾರೂ ಕೇಳಿರದ ಎಲೆಕ್ಟ್ರಾನಿಕ್ ಸದ್ದು ಹುಟ್ಟಿಸುತ್ತಿದ್ದವರು. ಆ ಕೆಲಸ ಮಾಡಿದ್ದರಿಂದಲೇ ಅವರಿಗೆ ಕಾಡು ಬೇರೆ ಥರ ಕೇಳಿಸಿತು ಅನ್ನುವುದು ನನ್ನ ನಂಬಿಕೆ.

ಕ್ರೌಸ್ ಹುಟ್ಟಿದ್ದು 1938ರಲ್ಲಿ, ಅಮೆರಿಕದ ಡೆಟ್ರಾಯಿಟ್‌ನಲ್ಲಿ. ಚಿಕ್ಕವರಿದ್ದಾಗ ಪಿಟೀಲು, ಆಮೇಲೆ ಗಿಟಾರು. 1963ರಲ್ಲಿ ‘ದಿ ವೀವರ್ಸ್’ ಎಂಬ ಹೆಸರಾಂತ ಜಾನಪದ ತಂಡ ಸೇರಿದರು. ಮುಂದಿನ ವರ್ಷವೇ ಆ ತಂಡ ಚದುರಿತು. ಕ್ರೌಸ್ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಮಿಲ್ಸ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ ಸಂಗೀತ ಕಲಿತರು. ಅಲ್ಲಿಂದ ಮುಂದೆ ಪಾಲ್ ಬೀವರ್ ಎಂಬ ಇನ್ನೊಬ್ಬ ಸಂಗೀತಗಾರರ ಜೊತೆಯಾಯಿತು. ಇಬ್ಬರೂ ಸೇರಿ ರಾಬರ್ಟ್ ಮೋಗ್ ತಯಾರಿಸಿದ ಹೊಸ ವಾದ್ಯವೊಂದನ್ನು ಕೊಂಡರು. ಅದೇ ಮೋಗ್ ಸಿಂಥಸೈಸರ್.

1967ರ ಜೂನ್‌ನಲ್ಲಿ ಮಾಂಟರೆ ಎಂಬಲ್ಲಿ ದೊಡ್ಡ ಪಾಪ್ ಸಂಗೀತೋತ್ಸವ ನಡೆಯಿತು. ಬೀವರ್ ಮತ್ತು ಕ್ರೌಸ್ ಅಲ್ಲೊಂದು ಮಳಿಗೆ ಹಾಕಿ, ಬಂದ ಸಂಗೀತಗಾರರಿಗೆಲ್ಲ ಮೋಗ್ ನುಡಿಸಿ ತೋರಿಸಿದರು. ಅಲ್ಲಿಂದ ರಾಕ್ ತಂಡಗಳು ಇವರನ್ನು ಹುಡುಕಿಕೊಂಡು ಬರತೊಡಗಿದವು. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್‌ಗೆ ಮೋಗ್ ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸಿಕೊಟ್ಟವರೂ ಕ್ರೌಸ್ ಅವರೇ. 1968ರಲ್ಲಿ ಇವರಿಬ್ಬರೂ ಹೊರತಂದ ಎಲೆಕ್ಟ್ರಾನಿಕ್ ಸಂಗೀತದ ಕೈಪಿಡಿ, ರೆಕಾರ್ಡುಗಳ ಸಮೇತ ಚೆನ್ನಾಗಿಯೇ ಮಾರಾಟವಾಯಿತು.

ಈ ವಾದ್ಯ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು. ಮುಂದಿನ ಕತೆಯೆಲ್ಲ ಇದರ ಮೇಲೆ ನಿಂತಿದೆ. ಗಿಟಾರಿನಲ್ಲಿ ತಂತಿ ಅದುರುತ್ತದೆ, ಕೊಳಲಿನಲ್ಲಿ ಗಾಳಿ ಅದುರುತ್ತದೆ. ಮೋಗ್‌ನಲ್ಲಿ ಅದುರುವುದು ವಿದ್ಯುತ್ತು. ಒಂದು ಸರ್ಕ್ಯೂಟ್ ಸೆಕೆಂಡಿಗೆ ಇಷ್ಟು ಸಲ ಎಂದು ಏರಿಳಿಯುವ ವೋಲ್ಟೇಜ್ ಹುಟ್ಟಿಸುತ್ತದೆ. 440 ಸಲ ಅದುರಿದರೆ ಒಂದು ಸ್ವರ, ಅದರ ಎರಡರಷ್ಟು ಅದುರಿದರೆ ಅದೇ ಸ್ವರದ ಮೇಲಿನ ಸ್ಥಾಯಿ. ಹೀಗೆ ಹುಟ್ಟಿದ ಸದ್ದಿನಲ್ಲಿ ಮೂಲ ಸ್ವರದ ಜೊತೆಗೆ ಮೇಲಿನ ಹತ್ತಾರು ಸ್ವರಾಂಶಗಳೂ ತುಂಬಿಕೊಂಡಿರುತ್ತವೆ. ಫಿಲ್ಟರ್ ಎಂಬ ಇನ್ನೊಂದು ಸರ್ಕ್ಯೂಟ್ ಅವುಗಳಲ್ಲಿ ಬೇಡದ್ದನ್ನು ಕತ್ತರಿಸುತ್ತದೆ. ಸದ್ದು ಎಷ್ಟು ಬೇಗ ಏರಬೇಕು, ಎಷ್ಟು ಹೊತ್ತು ನಿಲ್ಲಬೇಕು, ಹೇಗೆ ಸಾಯಬೇಕು ಎಂಬುದನ್ನು ಮತ್ತೊಂದು ಸರ್ಕ್ಯೂಟ್ ನೋಡಿಕೊಳ್ಳುತ್ತದೆ. ಅಂದರೆ ಇದನ್ನು ನುಡಿಸುವವರು ಪ್ರತಿ ಸದ್ದನ್ನೂ ಬಿಡಿಬಿಡಿಯಾಗಿ ಕಟ್ಟಬೇಕು. ವರ್ಷಗಟ್ಟಲೆ ಇದೇ ಕೆಲಸ ಮಾಡಿದರೆ ಕಿವಿ ಬದಲಾಗುತ್ತದೆ. ಯಾವ ಸದ್ದು ಕೇಳಿದರೂ ಅದು ಯಾವ ಎತ್ತರದಲ್ಲಿದೆ, ಎಷ್ಟು ಅಗಲ ಇದೆ, ಯಾವುದರ ಮೇಲೆ ಕೂತಿದೆ ಅಂತಲೇ ಕೇಳಿಸುತ್ತದೆ.

ಸ್ಟುಡಿಯೋದಲ್ಲಿ ಇನ್ನೊಂದು ಪಾಠವೂ ಸಿಗುತ್ತದೆ. ಎರಡು ವಾದ್ಯಗಳು ಒಂದೇ ಎತ್ತರದಲ್ಲಿ, ಒಂದೇ ಹೊತ್ತಿನಲ್ಲಿ ನುಡಿದರೆ ಎರಡೂ ಸರಿಯಾಗಿ ಕೇಳುವುದಿಲ್ಲ. ಒಂದು ಇನ್ನೊಂದನ್ನು ಮುಚ್ಚಿಹಾಕುತ್ತದೆ. ಹಾಗಾಗಿ ರೆಕಾರ್ಡಿಂಗ್ ಮಾಡುವವರು ಪ್ರತಿ ವಾದ್ಯಕ್ಕೂ ಒಂದೊಂದು ಜಾಗ ಮಾಡಿಕೊಡುತ್ತಾರೆ.

ಕ್ರೌಸ್ ಕಾಡಿಗೆ ಹೋಗಿದ್ದು ಆಲ್ಬಮ್ ಒಂದರ ಸಲುವಾಗಿ. ಪರಿಸರವನ್ನೇ ವಸ್ತುವಾಗಿಟ್ಟುಕೊಂಡು, ಕಾಡಿನ ಸದ್ದನ್ನೂ ಸಂಗೀತದೊಳಗೆ ಸೇರಿಸಿ ಒಂದು ರೆಕಾರ್ಡ್ ಮಾಡುವ ಯೋಜನೆ ಹಾಕಿದ್ದರು. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಮ್ಯೂರ್ ವುಡ್ಸ್ ಎಂಬ ರೆಡ್‌ವುಡ್ ಕಾಡಿಗೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋದರು. ಹೆಡ್‌ಫೋನ್ ಹಾಕಿಕೊಂಡು, ಮೈಕ್‌ನ ಮೂಲಕ ಕಾಡು ಕೇಳಿಸಿಕೊಂಡದ್ದು ಅದೇ ಮೊದಲು. ಆಲ್ಬಮ್ 1970ರಲ್ಲಿ ಬಂತು. 1975ರಲ್ಲಿ ಬೀವರ್ ತೀರಿಕೊಂಡರು. ಕ್ರೌಸ್ ಇನ್ನೂ ಕೆಲವು ವರ್ಷ ಹಾಲಿವುಡ್ ಚಿತ್ರಗಳಿಗೆ ಸದ್ದು ಮಾಡಿದರು. ಆದರೆ ಮನಸ್ಸು ಆಗಲೇ ಕಾಡಿಗೆ ಹೋಗಿಬಿಟ್ಟಿತ್ತು. ನಲವತ್ತರ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾಗಿ, 1981ರಲ್ಲಿ ಡಾಕ್ಟರೇಟ್ ಪಡೆದರು. ಸಂಪಾದನೆ ಚೆನ್ನಾಗಿದ್ದ ಕಾಲದಲ್ಲಿ ಹೀಗೆ ಎದ್ದು ಹೊರಡುವುದಕ್ಕೆ ಗುಂಡಿಗೆ ಬೇಕು.

ಆಗ ಪ್ರಾಣಿಗಳ ಸದ್ದು ಹಿಡಿಯುವವರು ಒಂದು ಹಕ್ಕಿ, ಒಂದು ಕಪ್ಪೆ ಎಂದು ಪ್ರತ್ಯೇಕವಾಗಿ ಹಿಡಿಯುತ್ತಿದ್ದರು. ಸುತ್ತಲಿನ ಗದ್ದಲ ಬರಬಾರದು ಎಂದು ಬೋಗುಣಿ ಆಕಾರದ ಮೈಕ್ ಬಳಸುತ್ತಿದ್ದರು. ಕ್ರೌಸ್ ಆ ಗದ್ದಲವನ್ನೇ ಹಿಡಿದರು. ಹಿಡಿದದ್ದನ್ನು ಸ್ಪೆಕ್ಟ್ರೋಗ್ರಾಮ್ ಎಂಬ ಚಿತ್ರವಾಗಿ ಬಿಡಿಸಿದರು. ಇದರಲ್ಲಿ ಎಡದಿಂದ ಬಲಕ್ಕೆ ಸಮಯ, ಕೆಳಗಿನಿಂದ ಮೇಲಕ್ಕೆ ಸ್ವರದ ಎತ್ತರ. ಹಳೆಯ, ಮನುಷ್ಯರು ಕೈಹಾಕದ ಕಾಡಿನ ಚಿತ್ರದಲ್ಲಿ ಅವರಿಗೆ ಕಂಡದ್ದು ಗಜಿಬಿಜಿ ಅಲ್ಲ. ಕೀಟಗಳು ಒಂದು ಪಟ್ಟಿಯಲ್ಲಿ, ಕಪ್ಪೆಗಳು ಇನ್ನೊಂದರಲ್ಲಿ, ಹಕ್ಕಿಗಳು ಅವುಗಳ ನಡುವಿನ ಸಂದಿಯಲ್ಲಿ. ಎತ್ತರದಲ್ಲಿ ಜಾಗ ಇಲ್ಲದಿದ್ದರೆ ಸಮಯದಲ್ಲಿ ಜಾಗ: ಒಂದು ನಿಲ್ಲಿಸಿದಾಗ ಇನ್ನೊಂದು ಶುರು. ಯಕ್ಷಗಾನದ ಹಿಮ್ಮೇಳದಲ್ಲಿ ಚೆಂಡೆ, ಮದ್ದಳೆ, ಭಾಗವತರ ಕಂಠ ಒಂದನ್ನೊಂದು ತುಳಿಯದೆ ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತವಲ್ಲ, ಹಾಗೆ. ಕೂಗಿದ್ದು ಕೇಳಿಸದಿದ್ದರೆ ಜೋಡಿ ಸಿಗುವುದಿಲ್ಲ, ಜೋಡಿ ಸಿಗದಿದ್ದರೆ ಮರಿ ಇಲ್ಲ. ಹಾಗಾಗಿ ಸಾವಿರಾರು ವರ್ಷಗಳಲ್ಲಿ ಪ್ರತಿ ಜೀವಿಯೂ ತನ್ನ ಸದ್ದಿಗೆ ಖಾಲಿ ಜಾಗ ಹುಡುಕಿಕೊಂಡಿದೆ ಎಂಬುದು ಅವರ ಸಿದ್ಧಾಂತ. ಗಾಳಿ, ನೀರಿನ ಸದ್ದು ಒಂದು ಬಗೆ, ಜೀವಿಗಳದ್ದು ಇನ್ನೊಂದು, ಮನುಷ್ಯರದ್ದು ಮೂರನೆಯದು ಎಂದು ಅವರು ಮಾಡಿದ ವಿಂಗಡಣೆಯನ್ನು ಈಗ ಎಲ್ಲ ಕಡೆ ಬಳಸುತ್ತಾರೆ.

ನಮ್ಮ ಮಲೆನಾಡಿನಲ್ಲೇ ಇದನ್ನು ಕೇಳಬಹುದು. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ, ರಸ್ತೆಯಿಂದ ಸ್ವಲ್ಪ ಒಳಗೆ, ಏಪ್ರಿಲ್-ಮೇ ತಿಂಗಳಲ್ಲಿ ಹೊತ್ತು ಮುಳುಗುವ ಮೊದಲು ನಿಂತುಕೊಳ್ಳಿ. ಜೀರುಂಡೆಗಳ ಅಬ್ಬರಕ್ಕೆ ಪಕ್ಕದವರ ಮಾತು ಕೇಳುವುದಿಲ್ಲ. ಆ ಹೊತ್ತಿನಲ್ಲಿ ಕುಟುರ ಹಕ್ಕಿಯ ಕೂಗು ಮಾತ್ರ ಕೇಳುತ್ತದೆ, ಯಾಕೆಂದರೆ ಅದು ಜೀರುಂಡೆಗಿಂತ ತುಂಬಾ ಕೆಳಗಿನ ಸ್ವರ. ಕತ್ತಲಾಗುತ್ತಿದ್ದಂತೆ ಜೀರುಂಡೆ ಒಮ್ಮೆಗೇ ನಿಲ್ಲುತ್ತದೆ. ಆಮೇಲೆ ಮಿಡತೆ ಜಾತಿಯ ಕೀಟಗಳ ಪಾಳಿ. ಮಳೆ ಬಿದ್ದ ಮೇಲಾದರೆ ಪೊದೆಗಳಿಂದ ಟಿಕ್ ಟಿಕ್ ಎಂದು ಮರಗಪ್ಪೆಗಳು, ನೀರು ನಿಂತ ಗದ್ದೆಯಿಂದ ದಪ್ಪ ದನಿಯ ಕಪ್ಪೆಗಳು. ತಲೆಯ ಮೇಲೆ ಬಾವಲಿಗಳೂ ಕೂಗುತ್ತಿರುತ್ತವೆ, ಆದರೆ ಹೆಚ್ಚಿನವುಗಳ ಕೂಗು 20,000 ಹರ್ಟ್ಸ್‌ಗಿಂತ, ಅಂದರೆ ಸೆಕೆಂಡಿಗೆ 20,000 ಅದುರುವಿಕೆಗಿಂತ ಮೇಲೆ. ಅಲ್ಲಿಗೆ ನಮ್ಮ ಕಿವಿ ಮುಟ್ಟುವುದಿಲ್ಲ.

ಸದ್ದಿನಲ್ಲಿ ಜಾಗ ಸಾಲದೇ ಹೋದರೆ ಏನು ಮಾಡಬೇಕು? ಅದಕ್ಕೆ ಪಶ್ಚಿಮಘಟ್ಟದ ಒಂದು ಸಣ್ಣ ಕಪ್ಪೆ ಉತ್ತರ ಕಂಡುಕೊಂಡಿದೆ. ಚಾರ್ಮಾಡಿ ಘಾಟಿಯ ತಲೆಯಲ್ಲಿರುವ ಕೊಟ್ಟಿಗೆಹಾರ ಗೊತ್ತಲ್ಲ, ನೀರುದೋಸೆಗೆ ಹೆಸರಾದ ಊರು. ಆ ಊರಿನ ಹೆಸರು ಹೊತ್ತ ಕುಣಿಯುವ ಕಪ್ಪೆಯೊಂದಿದೆ. ಬೆಂಗಳೂರಿನ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್ 1937ರಲ್ಲಿ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಈ ಕಪ್ಪೆಗಳ ವಾಸ ರಭಸದ ಹಳ್ಳಗಳಲ್ಲಿ. ಹೆಬ್ಬೆರಳಿಗಿಂತ ದೊಡ್ಡದಿಲ್ಲದ ಗಂಡು ಒದ್ದೆ ಬಂಡೆಯ ಮೇಲೆ ಕೂತು, ಗಂಟಲಿನ ಬಿಳಿ ಚೀಲ ಉಬ್ಬಿಸಿ ಕೂಗುತ್ತದೆ. ನೀರಿನ ಸದ್ದಿನ ಹೆಚ್ಚಿನ ಪಾಲು ತಗ್ಗಿನ ಸ್ವರದಲ್ಲಿದ್ದರೆ, ಇದರ ಕೂಗು ಅದಕ್ಕಿಂತ ಮೇಲಿರುತ್ತದೆ. ಅಷ್ಟೂ ಸಾಲದೆ ಹಿಂಗಾಲನ್ನು ಹಿಂದಕ್ಕೆ ಪೂರ್ತಿ ಚಾಚಿ, ಬೆರಳುಗಳ ನಡುವಿನ ಜಾಲಪೊರೆ ಬಿಡಿಸಿ ಬೀಸುತ್ತದೆ. ಒಮ್ಮೆ ಎಡಗಾಲು, ಒಮ್ಮೆ ಬಲಗಾಲು. ‘ಇದು ನನ್ನ ಬಂಡೆ, ಹತ್ತಿರ ಬರಬೇಡ’ ಎಂದು ಇನ್ನೊಂದು ಗಂಡಿಗೆ ಕೊಡುವ ಎಚ್ಚರಿಕೆ ಇದು. 2014ರಲ್ಲಿ ಎಸ್. ಡಿ. ಬಿಜು ಮತ್ತು ಸಂಗಡಿಗರು ಇದೇ ಕುಲದ 14 ಹೊಸ ಪ್ರಭೇದಗಳನ್ನು ಒಟ್ಟಿಗೆ ಪ್ರಕಟಿಸಿದರು. ಇಡೀ ಕುಲ ಪಶ್ಚಿಮಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ.

ಹಾಗಂತ ಕ್ರೌಸ್ ಹೇಳಿದ್ದೆಲ್ಲ ಇದ್ದ ಹಾಗೇ ಸಾಬೀತಾಗಿದೆ ಎನ್ನಲಾಗದು. ಅವರ ಸಿದ್ಧಾಂತವನ್ನು ಪರೀಕ್ಷಿಸಿದವರಿಗೆ ಕೆಲವು ಕಡೆ ಹೌದು ಎಂಬ ಉತ್ತರ ಸಿಕ್ಕಿದೆ, ಕೆಲವು ಕಡೆ ಸಿಕ್ಕಿಲ್ಲ. ಇದರಲ್ಲಿ ಒಂದು ಒಳ್ಳೆಯ ಕೆಲಸ ನಮ್ಮ ಕುದುರೆಮುಖದಲ್ಲೇ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಅವರ ತಂಡ ಅಲ್ಲಿನ ಮಿಡತೆ ಜಾತಿಯ ಕೀಟಗಳ ಮುಸ್ಸಂಜೆಯ ಮೇಳವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿತು. ನಮಗೆ ಕೇಳುವಾಗ ಎಲ್ಲವೂ ಒಟ್ಟಿಗೆ ಕಿರುಚಿದಂತೆ ಇರುತ್ತದೆ, ಹೊತ್ತೂ ಒಂದೇ. ಆದರೆ ಕೀಟದ ಕಿವಿಯಿಂದ ಲೆಕ್ಕ ಹಾಕಿದರೆ ಬೇರೆಯೇ ಚಿತ್ರ. ಪ್ರತಿ ಕೀಟದ ಕಿವಿ ತನ್ನ ಜಾತಿಯ ಸ್ವರಕ್ಕೆ ಶ್ರುತಿಗೊಂಡಿದೆ. ಕೂಗುವವುಗಳ ನಡುವೆ ಅಂತರವೂ ಇದೆ: ಕೆಲವು ನೆಲದ ಹತ್ತಿರ, ಕೆಲವು ಪೊದೆಯಲ್ಲಿ, ಕೆಲವು ಮರದ ನೆತ್ತಿಯಲ್ಲಿ. ಇದನ್ನೆಲ್ಲ ಸೇರಿಸಿ ನೋಡಿದಾಗ ಒಂದರ ಕೂಗು ಇನ್ನೊಂದಕ್ಕೆ ನಿಜವಾಗಿ ಅಡ್ಡ ಬರುವುದು ಬಹಳ ಕಡಿಮೆ ಎಂದು 2014ರಲ್ಲಿ ಅವರು ಪ್ರಕಟಿಸಿದರು. ಕ್ರೌಸ್ ಸ್ಟುಡಿಯೋದವರು, ಅವರು ಮೈಕ್ ಇಟ್ಟ ಜಾಗದಿಂದ ಕೇಳಿದರು. ಕುದುರೆಮುಖದ ತಂಡ ಕೀಟ ಕೂತ ಜಾಗದಿಂದ ಕೇಳಿತು. ನನಗೆ ಈ ಎರಡನೆಯದೇ ಹೆಚ್ಚು ಗಟ್ಟಿ ಅನ್ನಿಸುತ್ತದೆ. ಆದರೆ ಕೇಳಬೇಕು ಅನ್ನುವ ಹುಚ್ಚು ಹಿಡಿಸಿದವರಲ್ಲಿ ಕ್ರೌಸ್ ಮೊದಲಿಗರು.

ಕ್ರೌಸ್ ಕೆಲಸದಲ್ಲಿ ನಾವು ತಲೆ ಕೆಡಿಸಿಕೊಳ್ಳಲೇಬೇಕಾದ ಪ್ರಸಂಗ ಒಂದಿದೆ. 1988ರಲ್ಲಿ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಬೆಟ್ಟಗಳಲ್ಲಿ, ಲಿಂಕನ್ ಮೆಡೊ ಎಂಬ ಹುಲ್ಲುಗಾವಲಿನ ಅಂಚಿನ ಕಾಡಿನಲ್ಲಿ ಮರ ಕಡಿಯಲು ತಯಾರಿ ನಡೆದಿತ್ತು. ಪೂರ್ತಿ ಕಡಿಯುವುದಿಲ್ಲ, ಅಲ್ಲೊಂದು ಇಲ್ಲೊಂದು ಆಯ್ದು ಕಡಿಯುತ್ತೇವೆ, ಏನೂ ಆಗುವುದಿಲ್ಲ ಎಂದು ಮರದ ಕಂಪನಿಯವರು ಊರವರನ್ನು ಒಪ್ಪಿಸಿದ್ದರು. ಕಡಿಯುವ ಮೊದಲು ಕ್ರೌಸ್ ಅಲ್ಲಿನ ಬೆಳಗಿನ ಸದ್ದು ಹಿಡಿದಿಟ್ಟುಕೊಂಡರು. ಒಂದು ವರ್ಷ ಬಿಟ್ಟು, ಅದೇ ದಿನ, ಅದೇ ಹೊತ್ತಿಗೆ ಮತ್ತೆ ಹೋದರು. ಕಣ್ಣಿಗೆ ಕಾಡು ಹಾಗೇ ಇತ್ತು. ಫೋಟೊ ತೆಗೆದರೆ ಒಂದು ರೆಂಬೆಯೂ ಕಮ್ಮಿಯಾದಂತೆ ಕಾಣುತ್ತಿರಲಿಲ್ಲ. ಟೇಪಿನಲ್ಲಿ ಮಾತ್ರ ಹೊಳೆಯ ಸದ್ದು, ಮರಕುಟಿಗದ ಕುಟ್ಟುವಿಕೆ, ಅಷ್ಟೇ. ಮುಂದಿನ 25 ವರ್ಷಗಳಲ್ಲಿ ಅವರು ಅಲ್ಲಿಗೆ ಮತ್ತೆ ಮತ್ತೆ ಹೋದರು. ಹಿಂದಿನ ಮೇಳ ವಾಪಸ್ ಬರಲಿಲ್ಲ.

ಇದನ್ನು ಓದಿದವರಿಗೆ ಶಿವಮೊಗ್ಗ ಜಿಲ್ಲೆಯ ಅಕೇಶಿಯಾ ತೋಪುಗಳು ನೆನಪಾಗದೆ ಇರುವುದಿಲ್ಲ. ಬಸ್ಸಿನ ಕಿಟಕಿಯಿಂದ ನೋಡಿದರೆ ಅದೂ ಹಸಿರು, ಇದೂ ಹಸಿರು. ಗೊತ್ತಿಲ್ಲದವರು ಎರಡನ್ನೂ ಕಾಡು ಅಂತಾರೆ. ಬಸ್ಸಿನಿಂದ ಇಳಿದು ಸಂಜೆ ಅಕೇಶಿಯಾ ಕೆಳಗೆ ಹತ್ತು ನಿಮಿಷ ನಿಲ್ಲಿ. ಆಮೇಲೆ ಹತ್ತಿರದ ದೇವರಕಾಡಿಗೋ ಹಳೆಯ ಕಾನಿಗೋ ಹೋಗಿ ನಿಲ್ಲಿ. ಎರಡರ ವ್ಯತ್ಯಾಸ ಹೇಳಲು ಯಾವ ಪರಿಣತರೂ ಬೇಡ.

ಮನುಷ್ಯರ ಗದ್ದಲದ ಬಗ್ಗೆಯೂ ಕ್ರೌಸ್ ಹೇಳುವ ಒಂದು ಘಟನೆ ಇದೆ. ಕ್ಯಾಲಿಫೋರ್ನಿಯಾದ ಮೋನೋ ಸರೋವರದ ಹತ್ತಿರ ನೆಲಗಪ್ಪೆಗಳು ರಾತ್ರಿ ಒಟ್ಟಾಗಿ, ಲಯ ತಪ್ಪದೆ ಕೂಗುತ್ತಿದ್ದವು. ಹಾಗೆ ಕೂಗಿದರೆ ಯಾವ ಕಪ್ಪೆ ಎಲ್ಲಿದೆ ಎಂದು ಬೇಟೆಯಾಡುವ ಪ್ರಾಣಿಗೆ ತಿಳಿಯುವುದಿಲ್ಲ. ಯುದ್ಧವಿಮಾನವೊಂದು ತಗ್ಗಿನಲ್ಲಿ ಹಾರಿಹೋಯಿತು, ಲಯ ಮುರಿಯಿತು. ಮತ್ತೆ ಕೂಡಿಕೊಳ್ಳಲು ಮುಕ್ಕಾಲು ಗಂಟೆ ಬೇಕಾಯಿತು. ಅಷ್ಟರಲ್ಲಿ ನರಿಯನ್ನು ಹೋಲುವ ಎರಡು ಕಯೋಟೆಗಳೂ ಒಂದು ಗೂಬೆಯೂ ಬಂದು ಕೆಲವನ್ನು ಹಿಡಿದವು. ನಮ್ಮಲ್ಲಿ ಯುದ್ಧವಿಮಾನ ಇಲ್ಲ. ಆದರೆ ತೋಟದಲ್ಲಿ ಕಳೆ ಹೊಡೆಯುವ ಮಷಿನ್ ಇದೆ, ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಪಂಪಿದೆ, ಘಾಟಿಯಲ್ಲಿ ರಾತ್ರಿಯಿಡೀ ವಾಹನ ಇದೆ. ಅಡಿಕೆ ಉಳಿಯಬೇಕಾದರೆ ಔಷಧಿ ಹೊಡೆಯಲೇಬೇಕು, ಅದನ್ನು ತಪ್ಪು ಎನ್ನಲಾಗದು. ಕಪ್ಪೆಗಳು ಕೂಗುವ ಮುಸ್ಸಂಜೆಗೆ ಮುಂಚೆ ಮಷಿನ್ ನಿಲ್ಲಿಸುವುದು ಮಾತ್ರ ನಮ್ಮ ಕೈಯಲ್ಲೇ ಇದೆ.

ಕ್ರೌಸ್ 5,000 ಗಂಟೆಗೂ ಹೆಚ್ಚು ಕಾಡಿನ ಸದ್ದು ಕೂಡಿಟ್ಟರು. ಅದರಲ್ಲಿ ಅರ್ಧಕ್ಕೂ ಹೆಚ್ಚು ಜಾಗಗಳು ಈಗ ಮೌನವಾಗಿವೆ ಅಥವಾ ಗುರುತು ಸಿಗದಷ್ಟು ಬದಲಾಗಿವೆ ಎನ್ನುತ್ತಾರೆ ಅವರು. 2017ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚಿಗೆ ಅವರ ಮನೆಯೇ ಸುಟ್ಟುಹೋಯಿತು. ಸದ್ದಿನ ಪ್ರತಿಗಳು ಬೇರೆ ಕಡೆ ಇದ್ದದ್ದರಿಂದ ಅವು ಉಳಿದವು.

ಮಲೆನಾಡಿನವರು ಇದನ್ನು ಇವತ್ತೇ ಶುರು ಮಾಡಬಹುದು, ಮೊಬೈಲ್ ಸಾಕು. ಒಂದೇ ಜಾಗ, ಒಂದೇ ಹೊತ್ತು, ತಿಂಗಳಿಗೊಮ್ಮೆ ಹತ್ತು ನಿಮಿಷ. ತೋಟದ ಅಂಚು, ಕೆರೆ ದಂಡೆ, ಎಲ್ಲಾದರೂ ಸರಿ. ತಾರೀಕು, ಹೊತ್ತು, ಮಳೆ ಇತ್ತೋ ಇಲ್ಲವೋ ಅನ್ನುವುದನ್ನು ಶುರುವಿನಲ್ಲೇ ಬಾಯಲ್ಲಿ ಹೇಳಿಬಿಡಿ. ರೆಕಾರ್ಡರ್‌ನ ಸೆಟ್ಟಿಂಗ್‌ನಲ್ಲಿ ಗದ್ದಲ ಕಡಿಮೆ ಮಾಡುವ ಆಯ್ಕೆ ಇದ್ದರೆ ಮರೆಯದೆ ಆಫ್ ಮಾಡಿ. ಮನುಷ್ಯರ ಮಾತು ಬಿಟ್ಟು ಉಳಿದದ್ದೆಲ್ಲ ಕಸ ಎಂದು ಆ ಸಾಫ್ಟ್‌ವೇರ್ ಜೀರುಂಡೆಯನ್ನೇ ಅಳಿಸಿಹಾಕುತ್ತದೆ. ಫೈಲನ್ನು ಎಂಪಿ3 ಬದಲು ವೇವ್ ಮಾದರಿಯಲ್ಲಿ ಉಳಿಸಿ, ಇಲ್ಲದಿದ್ದರೆ ಮೇಲಿನ ಸ್ವರಗಳು ಹೋಗಿಬಿಡುತ್ತವೆ. ಬಾವಲಿ ಹಿಡಿಯಬೇಕೆಂದರೆ ಬೇರೆ ಮೈಕ್ ಬೇಕು. ಕಪ್ಪೆ, ಕುಟುರ, ಜೀರುಂಡೆಗೆ ಮೊಬೈಲ್‌ನದ್ದೇ ಧಾರಾಳವಾಯಿತು.